ಕೆರೆ ತುಂಬಿದ ರಾತ್ರಿ ಏರಿಯ ಹಿಂಬದಿ ನೋಡಿ

2021ರ ನವೆಂಬರ್ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಹರಿದವು. ಬಾಗಿನ ಅರ್ಪಿಸೋಣ, ಆದರೆ ಕೆರೆಯ ಮಣ್ಣಿನ ಕಟ್ಟೆಯಾದ ಏರಿಗೆ ಅತಿ ಕಷ್ಟದ ಹೊತ್ತೂ ಅದೇ. ಒಣಗಿ ಬಿರಿದ ಮಣ್ಣು, ಹೆಗ್ಗಣದ ಬಿಲ, ಹುತ್ತ, ಸತ್ತ ಮರದ ಬೇರು ಬಿಟ್ಟ ಟೊಳ್ಳು, ಎಲ್ಲವೂ ನೀರಿಗೆ ದಾರಿ. ಇವೆಲ್ಲ ಎಲ್ಲಿವೆ ಎಂದು ಕೆರೆ ನೀರು ಬಿಟ್ಟು ಏರಿ ಕಾಯುತ್ತಿದ್ದ ನೀರಗಂಟಿಗೆ ಗೊತ್ತಿರುತ್ತಿತ್ತು. ಬೋರ್‌ವೆಲ್ ಬಂದು, ಅವನಿಗೆ ಅಳೆದು ಕೊಡುತ್ತಿದ್ದ ಕಾಳು ನಿಂತಾಗ ಏರಿ ಕಾಯುವವರೂ ಇಲ್ಲವಾದರು.

ಮೊದಲು ಕೋಡಿ, ಅಂದರೆ ಹೆಚ್ಚಾದ ನೀರು ಹೊರಹೋಗುವ ದಾರಿ. ಇನ್ನಷ್ಟು ನೀರು ನಿಲ್ಲಲಿ ಎಂದು ಮರಳು ಚೀಲ ಪೇರಿಸುತ್ತಾರೆ, ಮೀನು ಹೋಗದಿರಲೆಂದು ಬಲೆ ಕಟ್ಟುತ್ತಾರೆ. ಬಲೆಗೆ ಕಸ ಸಿಕ್ಕಿ ಅದೇ ಗೋಡೆಯಾಗುತ್ತದೆ. ಕೋಡಿಯ ಅಗಲ ಅರ್ಧ ಮುಚ್ಚಿದರೆ, 2 ಅಡಿ ಎತ್ತರದಲ್ಲಿ ಹರಿದುಹೋಗುತ್ತಿದ್ದ ನೀರು 3 ಅಡಿ ದಾಟುತ್ತದೆ. ಆಗ ಅದು ಏರಿಯ ತಗ್ಗು ಜಾಗ, ಸಾಮಾನ್ಯವಾಗಿ ಟ್ರ್ಯಾಕ್ಟರ್ ಹತ್ತಿಳಿದು ಸವೆದ ಕಡೆ, ಉಕ್ಕಿ ಹಿಂಬದಿಯ, ಅಂದರೆ ನೀರಿಲ್ಲದ ಹೊರಬದಿಯ, ಮಣ್ಣನ್ನು ಬುಡದಿಂದ ಕೊರೆಯುತ್ತದೆ. ಮೇ ತಿಂಗಳಲ್ಲೇ ಕೋಡಿಯನ್ನೂ ಕೋಡಿ ಹಳ್ಳವನ್ನೂ ಬಿಡಿಸಿ, ಆ ತಗ್ಗಿಗೆ ಪದರ ಪದರವಾಗಿ ಮಣ್ಣು ಹಾಕಿ ದಿಮ್ಮಸು ಹೊಡೆಯಬೇಕು.

ಕೆರೆ ತುಂಬಿದ ಮೇಲೆ ಹಗಲೂ ರಾತ್ರಿ ಇಬ್ಬಿಬ್ಬರು ಟಾರ್ಚ್ ಹಿಡಿದು ಏರಿಯ ಹಿಂಬದಿ ಬುಡದಲ್ಲಿ ನಡೆಯಲಿ. ಏರಿ ಮೇಲೆ ನಿಂತು ನೀರು ನೋಡಿದರೆ ಏನೂ ತಿಳಿಯದು. ಜಿನುಗುವ ನೀರು ತಿಳಿಯಾಗಿದ್ದರೆ ಗೂಟ ನೆಟ್ಟು ಗುರುತು ಮಾಡಿ, ಹೆಚ್ಚುತ್ತಿದೆಯೇ ನೋಡುತ್ತಿರಿ. ಕದಡಿದ್ದರೆ ಒಳಗೆ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಗದ್ದೆಗೆ ನೀರು ಬಿಡುವ ತೂಬಿನ ಕಟ್ಟಡಕ್ಕೂ ಮಣ್ಣಿಗೂ ನಡುವಿನ ಸಂದಿಯಲ್ಲೇ ಇದು ಹೆಚ್ಚು.

ಬುಗ್ಗೆ ಎದ್ದ ಕಡೆ ಜೇಡಿಮಣ್ಣು ತುರುಕಿ ಮುಚ್ಚುವುದು ದೊಡ್ಡ ತಪ್ಪು. ಒತ್ತಡ ಇನ್ನೊಂದು ಕಡೆ ಸೀಳುತ್ತದೆ. ಮುಕ್ಕಾಲು ಭಾಗ ಮಾತ್ರ ತುಂಬಿದ ಮರಳು ಚೀಲಗಳನ್ನು ಬುಗ್ಗೆಯ ಸುತ್ತ ಬಾವಿಕಟ್ಟೆಯ ಹಾಗೆ ಪೇರಿಸಿ. ಒಳಗೆ ನಿಂತ ನೀರು ಎದುರೊತ್ತುತ್ತದೆ. ಹೊರಬರುವ ನೀರು ತಿಳಿಯಾಗುವವರೆಗೆ ಎತ್ತರಿಸಿ ಸಾಕು, ಹರಿವನ್ನು ಪೂರ್ತಿ ನಿಲ್ಲಿಸಬೇಡಿ.

ಪಂಚಾಯಿತಿ ಸಭೆಯಲ್ಲಿ ಇಷ್ಟು ಬರೆದಿಡಿಸಿ: ತೂಬಿನ ಕೀಲಿ ಯಾರ ಬಳಿ, ಖಾಲಿ ಚೀಲ ಯಾರ ಮನೆಯಲ್ಲಿ, ಕೆಳಗಿನ ಕೆರೆಯ ಊರಿಗೆ ಫೋನ್ ಮಾಡುವವರು ಯಾರು. ಒಂದು ಕೆರೆ ಒಡೆದರೆ ಆ ನೀರೆಲ್ಲ ಸರಪಳಿಯ ಮುಂದಿನ ಕೆರೆಗೇ ನುಗ್ಗುತ್ತದೆ.