ಕಂಪ್ಯೂಟರಿನ ಗರಗರ

143ನೇ ಪುಟದಲ್ಲಿ ಒಂದು ಅಲ್ಪಪ್ರಾಣವನ್ನು ಮಹಾಪ್ರಾಣ ಮಾಡಬೇಕಿತ್ತು, ಅಷ್ಟೇ. ಕರ್ಸರನ್ನು ಅಲ್ಲಿಟ್ಟು ಕೀಲಿ ಒತ್ತಿದೆ. ಅಕ್ಷರ ಬರಲಿಲ್ಲ. ಪರದೆ ಮಂಕಾಯಿತು, ಮೇಜಿನ ಕೆಳಗಿನ ಡಬ್ಬಿಯೊಳಗಿಂದ ಗರಗರ ಸದ್ದು ಶುರುವಾಯಿತು. ನಾನು ಎದ್ದು ಹೋಗಿ ಒಣಗಿದ ಬಟ್ಟೆಗಳನ್ನೆಲ್ಲ ಮಡಚಿಟ್ಟು ಬಂದೆ. ಅಷ್ಟರಲ್ಲಿ ಅಕ್ಷರ ಬಂದಿತ್ತು, ಆದರೆ ಮೂರು ಸಲ. ತಾಳ್ಮೆಗೆಟ್ಟು ನಾನೇ ಮೂರು ಸಲ ಒತ್ತಿದ್ದೆ.

ಮನೆಯಲ್ಲಿ ಕುಳಿತು ಕರಡು ತಿದ್ದುವುದು ನನ್ನ ಕೆಲಸ. ತಪ್ಪು ಹುಡುಕಿ ತೆಗೆಯಬೇಕಾದ ನಾನೇ ಹೊಸ ತಪ್ಪು ಸೇರಿಸುವಂತಾದಾಗ ಸಿಟ್ಟು ನೆತ್ತಿಗೇರಿತು. ಅದು 2025ರ ಸೆಪ್ಟೆಂಬರ್ ತಿಂಗಳ ಒಂದು ಶನಿವಾರ. ಕಂಪ್ಯೂಟರ್ ತೆರೆದಾಗಲೆಲ್ಲ ಇನ್ನೊಂದು ಎಚ್ಚರಿಕೆಯೂ ಕಣ್ಣಿಗೆ ಬೀಳುತ್ತಿತ್ತು: ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ. ನಿಧಾನವೂ ಹೌದು, ಹಳತೂ ಹೌದು. ಹಾಗಾಗಿ ವಿಂಡೋಸ್ 11 ಹಾಕಿಸಿ, ಜೊತೆಗೆ ತೆರೆದ ಕೆಲಸಗಳನ್ನು ಇಟ್ಟುಕೊಳ್ಳುವ ಮೆಮೊರಿ, ಅಂದರೆ ರ‍್ಯಾಮ್ ಕೂಡ ಹೆಚ್ಚಿಸಿಬಿಡೋಣ ಎಂದು ನಾನು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

ನನ್ನ ಗಂಡ ಪತ್ರಿಕೆಯಿಂದ ತಲೆ ಎತ್ತದೆ, ‘ರ‍್ಯಾಮ್ ಮಾತು ಎತ್ತಬೇಡ’ ಎಂದರು.

ಅವರಿಗೆ ಹಳೆಯ ಗಾಯವೊಂದಿದೆ. ಇದಕ್ಕೂ ಮುಂಚಿನ ಕಂಪ್ಯೂಟರಿನಲ್ಲಿ ವಿಂಡೋಸ್ 7 ಇತ್ತು. ಅದೂ ಹೀಗೆಯೇ ಕುಂಟುತ್ತಿದ್ದಾಗ ಅವರು ಎಲ್ಲೋ ಓದಿ, ಉತ್ಸಾಹದಿಂದ 4 ಜಿಬಿಯ ಎರಡು ಸ್ಟಿಕ್ ತರಿಸಿ, ತಾವೇ ಹಾಕಿದ್ದರು. ಕಂಪ್ಯೂಟರ್ ಶುರುವಾದ ಮೇಲೆ ತೋರಿಸಿದ್ದು ಒಟ್ಟು 8 ಜಿಬಿ, ಪಕ್ಕದಲ್ಲಿ ಆವರಣದೊಳಗೆ ‘ಬಳಸಬಹುದಾದದ್ದು 3.25’. ಆ ಆವರಣ ಚಿಹ್ನೆಯನ್ನು ಅವರು ಇಂದಿಗೂ ಕ್ಷಮಿಸಿಲ್ಲ. ತಪ್ಪು ಸ್ಟಿಕ್‌ನದಲ್ಲ. ಆ ವಿಂಡೋಸ್ 32 ಬಿಟ್‌ನದು. 32 ಬಿಟ್ ವಿಳಾಸದಲ್ಲಿ ಎಣಿಸಬಹುದಾದದ್ದು 429 ಕೋಟಿ ಚಿಲ್ಲರೆ ಬೈಟ್, ಅಂದರೆ 4 ಜಿಬಿ. ಅದರಲ್ಲೂ ಗ್ರಾಫಿಕ್ಸ್ ಮುಂತಾದ ಭಾಗಗಳಿಗೆ ವಿಳಾಸ ಬಿಟ್ಟುಕೊಟ್ಟ ಮೇಲೆ ಉಳಿದಿದ್ದು ಅಷ್ಟೇ. 64 ಬಿಟ್‌ಗೆ ಹೋಗೋಣವೆಂದರೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕು. ಮೇಲಾಗಿ ನಮ್ಮ ಸ್ಕ್ಯಾನರನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, 32 ಬಿಟ್‌ಗೆ ಮಾತ್ರ ಇತ್ತು. ಕೊನೆಗೆ ಕಂಪ್ಯೂಟರನ್ನೇ ಬದಲಿಸಿದೆವು. ಆಪರೇಟಿಂಗ್ ಸಿಸ್ಟಂ ಬದಲಿಸದೆ ರ‍್ಯಾಮ್ ಹಾಕಿದರೆ ದಂಡ ಎಂಬ ಪಾಠ ಮಾತ್ರ ನಮ್ಮಿಬ್ಬರ ತಲೆಯಲ್ಲೂ ಉಳಿದುಕೊಂಡಿತು. ನಾನು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದು ಆ ಪಾಠದ ಪ್ರಭಾವದಿಂದಲೇ.

ಅಕ್ಕನ ಮಗ ಕಂಪ್ಯೂಟರ್ ಬಲ್ಲವನು. ಫೋನಿನಲ್ಲಿ ನನ್ನ ದೂರನ್ನೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ: ‘ಚಿಕ್ಕಮ್ಮ, ಅಳೆದು ನೋಡಿದೆಯಾ?’

ನೋಡಿರಲಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ ಎಂದ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಪುಟ ತೆರೆದೆ. 91 ಶೇಕಡಾ! ಸಿಕ್ಕಿಬಿದ್ದಿತು ಎಂದು ನಾನು ಹಿಗ್ಗಿದರೆ ಅವನು ಒಪ್ಪಲಿಲ್ಲ. ರ‍್ಯಾಮ್ ತುಂಬಿರುವುದೇ ರೋಗವಲ್ಲವಂತೆ. ಎಷ್ಟು ತುಂಬಿದೆ ಎಂಬುದರಿಂದ ಎಷ್ಟು ಸಾಲದು ಎಂಬುದು ತಿಳಿಯುವುದಿಲ್ಲ. ನೋಡಬೇಕಾದದ್ದು ಕೆಳಗಿನ ಇನ್ನೊಂದು ಅಂಕಿ, ‘ಕಮಿಟೆಡ್’. ಅಲ್ಲಿ 7.1 ಎಂದಿತ್ತು. ತೆರೆದಿದ್ದ ಪ್ರೋಗ್ರಾಮ್‌ಗಳೆಲ್ಲ ಸೇರಿ ಏಳು ಜಿಬಿಗೆ ಕೈಚಾಚಿವೆ, ಇರುವುದು ನಾಲ್ಕು. ಉಳಿದದ್ದು ಎಲ್ಲಿದೆ? ಬಹುಪಾಲು ಹಾರ್ಡ್ ಡಿಸ್ಕಿನಲ್ಲಿ, ಮೆಮೊರಿ ಸಾಲದಾದಾಗ ವಿಂಡೋಸ್ ಬಳಸುವ ಪೇಜ್‌ಫೈಲ್ ಎಂಬ ಕಡತದಲ್ಲಿ.

ಆಮೇಲೆ ರಿಸೋರ್ಸ್ ಮಾನಿಟರ್ ತೆರೆಸಿದ. ಅದರಲ್ಲಿ ‘ಹಾರ್ಡ್ ಫಾಲ್ಟ್’ ಎಂಬ ಗೆರೆಯೊಂದಿದೆ. ಪ್ರೋಗ್ರಾಮ್ ಕೇಳಿದ ಮಾಹಿತಿ ರ‍್ಯಾಮ್‌ನಲ್ಲಿ ಸಿಗದೆ ಡಿಸ್ಕಿಗೆ ಹೋಗಿ ತರಬೇಕಾದಾಗ ಆ ಗೆರೆ ಏರುತ್ತದೆ. ಗೆರೆಯ ಮೇಲೆ ಕಣ್ಣಿಟ್ಟು, ಬ್ರೌಸರಿನಿಂದ ನನ್ನ ಕರಡಿನ ಕಡತಕ್ಕೆ ಬಂದೆ. ಗೆರೆ ಮೇಲಕ್ಕೆ ಹಾರಿತು, ಅದೇ ಕ್ಷಣ ಕೆಳಗಿನಿಂದ ಗರಗರ. ಮತ್ತೆ ಬ್ರೌಸರಿಗೆ ಹೋದೆ. ಮತ್ತೆ ಗೆರೆ, ಮತ್ತೆ ಗರಗರ. ಇಷ್ಟು ದಿನ ಮುಪ್ಪಿನ ನರಳಾಟವೆಂದು ನಾನು ಭಾವಿಸಿದ್ದ ಸದ್ದು, ಡಿಸ್ಕಿನೊಳಗಿನ ಸೂಜಿಯಂಥ ತಲೆ ಅತ್ತಿಂದಿತ್ತ ಓಡಾಡುವ ಸದ್ದಾಗಿತ್ತು.

ಮೂಲಪ್ರತಿಯನ್ನು ಒಂದು ಕೋಣೆಯಲ್ಲೂ ಕರಡನ್ನು ಇನ್ನೊಂದು ಕೋಣೆಯಲ್ಲೂ ಇಟ್ಟುಕೊಂಡು, ಸಾಲು ಸಾಲಿಗೂ ಎದ್ದು ಹೋಗಿ ಹೋಲಿಸಿ ಬರುವವರನ್ನು ಕಲ್ಪಿಸಿಕೊಳ್ಳಿ. ನನ್ನ ಕಂಪ್ಯೂಟರ್ ಅದನ್ನೇ ಮಾಡುತ್ತಿತ್ತು, ಆ ನಡುವಿನ ದಾರಿಯೂ ಚಿಕ್ಕದಲ್ಲ. ರ‍್ಯಾಮ್‌ನಿಂದ ಒಂದು ಮಾಹಿತಿ ತರಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ತಿರುಗುವ ಡಿಸ್ಕಿನಲ್ಲಿ ಹುಡುಕಿ ತರಲು ಸುಮಾರು 10 ಮಿಲಿಸೆಕೆಂಡ್ ಬೇಕು. ಒಂದು ಲಕ್ಷ ಪಟ್ಟು. ರ‍್ಯಾಮ್ ಒಂದು ಸೆಕೆಂಡಿನಲ್ಲಿ ಮುಗಿಸುವ ಕೆಲಸಕ್ಕೆ ಡಿಸ್ಕ್ ಸುಮಾರು ಇಪ್ಪತ್ತೆಂಟು ತಾಸು ತೆಗೆದುಕೊಂಡಂತೆ. ಬಟ್ಟೆ ಮಡಚಲು ನನಗೆ ಪುರುಸೊತ್ತು ಸಿಗುತ್ತಿದ್ದದ್ದು ಹೀಗೆ.

ಅಲ್ಲಿಗೆ ಗಂಟು ಬಿಚ್ಚಿತು. ನಿಧಾನಕ್ಕೂ ವಿಂಡೋಸಿನ ವಯಸ್ಸಿಗೂ ಸಂಬಂಧವಿರಲಿಲ್ಲ. ಈ ಕಂಪ್ಯೂಟರಿನಲ್ಲಿ ಮೊದಲಿನಿಂದಲೂ ಇರುವುದು 64 ಬಿಟ್, ಆದ್ದರಿಂದ ಆವರಣದೊಳಗಿನ ಅವಮಾನ ಈ ಸಲ ಇರುವುದಿಲ್ಲ. ಇದನ್ನು ಗಂಡನಿಗೆ ವಿವರಿಸಿದೆ. ಅವರು ಸುಮ್ಮನೆ ಎದ್ದು ಹೋಗಿ ಖಾನೆಯಿಂದ ಹಳೆಯ ಎರಡು ಸ್ಟಿಕ್ ತಂದು ಮೇಜಿನ ಮೇಲಿಟ್ಟರು. ಇಷ್ಟು ವರ್ಷ ಕಾಗದದಲ್ಲಿ ಸುತ್ತಿ ಕಾಪಾಡಿದ್ದರು! ಆದರೆ ಅವು ಡಿಡಿಆರ್3 ಎಂಬ ಹಳೆಯ ಬಗೆಯವು, ಈ ಕಂಪ್ಯೂಟರಿನದು ಡಿಡಿಆರ್4. ಅದರಲ್ಲಿ 240 ಪಿನ್, ಇದರಲ್ಲಿ 288. ನಡುವಿನ ಕಚ್ಚಿನ ಜಾಗವೂ ಬೇರೆ. ಒತ್ತಿ ಕೂರಿಸುವ ಪ್ರಶ್ನೆಯೇ ಇಲ್ಲ. ಅವರು ಮತ್ತೆ ಕಾಗದ ಸುತ್ತಿ ಒಳಗಿಟ್ಟರು. ಎಸೆಯಲಿಲ್ಲ.

ಟಾಸ್ಕ್ ಮ್ಯಾನೇಜರ್ ಪ್ರಕಾರ ಎರಡು ಸ್ಲಾಟ್‌ಗಳಲ್ಲಿ ಒಂದು ಖಾಲಿ. ಇನ್ನೊಂದು 4 ಜಿಬಿ ಹಾಕಿದರೆ ಎಂಟಾಗುತ್ತದೆ, ಏಳಕ್ಕೆ ಎಂಟು ಬಿಗಿಯಾದ ಅಂಗಿಯ ಹಾಗೆ. 8 ಜಿಬಿ ಹಾಕಿ ಹನ್ನೆರಡು ಮಾಡಿಕೊಳ್ಳುವುದೆಂದು ನಿರ್ಧರಿಸಿದೆ. ಎರಡೂ ಒಂದೇ ಅಳತೆಯವಾಗಿದ್ದರೆ ಪೂರ್ತಿ ಜೋಡಿಯಾಗಿ ಓಡುತ್ತವೆ, ಚೆನ್ನ. ಆದರೆ ಅಳತೆ ಬೇರೆಯಾದರೂ ಇಂಥ ಕಂಪ್ಯೂಟರುಗಳಲ್ಲಿ ಎರಡರಿಂದಲೂ ನಾಲ್ಕು ನಾಲ್ಕು ಜಿಬಿ ಜೋಡಿಯಾಗಿಯೂ ಉಳಿದ ನಾಲ್ಕು ಒಂಟಿಯಾಗಿಯೂ ಕೆಲಸ ಮಾಡುತ್ತವೆ. ಹಾರ್ಡ್ ಡಿಸ್ಕ್ ತೆಗೆದು, ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಹಾಕಿದರೆ ಇನ್ನೂ ಚುರುಕಾಗುತ್ತದೆ ಎಂದು ಅಕ್ಕನ ಮಗ ಆಸೆ ಹುಟ್ಟಿಸಿದ. ನಿಜವೇ ಇರಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂದೆ, ಇಲ್ಲದಿದ್ದರೆ ಯಾವುದರಿಂದ ಗುಣವಾಯಿತೆಂದು ಗೊತ್ತಾಗುವುದು ಹೇಗೆ?

ಆಪರೇಟಿಂಗ್ ಸಿಸ್ಟಂ ಪ್ರಶ್ನೆ ಹಾಗೆಯೇ ಉಳಿದಿತ್ತು. ಅದಕ್ಕೆ ಯಾವ ಮಾಪಕವೂ ಇಲ್ಲ, ಇರುವುದು ಒಂದು ದಿನಾಂಕ ಮಾತ್ರ. ಅಕ್ಟೋಬರ್ 14ರ ಮರುದಿನ ಕಂಪ್ಯೂಟರ್ ನಿಂತುಹೋಗುವುದಿಲ್ಲ, ಎಂದಿನಂತೆಯೇ ನಡೆಯುತ್ತದೆ. ಅಪಾಯ ಇರುವುದೇ ಅದರಲ್ಲಿ: ಹೊಸದಾಗಿ ಪತ್ತೆಯಾಗುವ ಬಿರುಕುಗಳನ್ನು ಮುಚ್ಚುವವರಿರುವುದಿಲ್ಲ, ಮುಚ್ಚಿಲ್ಲವೆಂದು ನಮಗೆ ಕಾಣಿಸುವುದೂ ಇಲ್ಲ. ಇನ್ನೂ ಅಚ್ಚಾಗದ ಬೇರೆಯವರ ಪುಸ್ತಕಗಳು ನನ್ನ ಬಳಿ ಇರುತ್ತವೆ. ಅವನ್ನು ಚಿಲಕ ಸಡಿಲವಾದ ಮನೆಯಲ್ಲಿ ಇಡಲಾಗದು.

ವಿಂಡೋಸ್ 11ಕ್ಕೆ ಅರ್ಹತೆಯಿದೆಯೇ ಎಂದು ಪರೀಕ್ಷಿಸುವ ಪಿಸಿ ಹೆಲ್ತ್ ಚೆಕ್ ಓಡಿಸಿದೆ. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲವೆಂದಿತು, ಪ್ರೊಸೆಸರ್ ಪಟ್ಟಿಯಲ್ಲಿಲ್ಲವೆಂದಿತು. ಮೊದಲನೆಯದಕ್ಕೆ ಪರಿಹಾರವಿತ್ತು. ಅನೇಕ ಮದರ್‌ಬೋರ್ಡುಗಳಲ್ಲಿ ಅದು ಒಳಗೇ ಇದ್ದು ಮುಚ್ಚಿಟ್ಟಿರುತ್ತದೆ. ಶುರುವಾಗುವಾಗ ಕೀಲಿ ಒತ್ತಿ, ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್ ಹೊಕ್ಕು, ಪಿಟಿಟಿ ಎಂಬ ಆಯ್ಕೆಯನ್ನು ಚಾಲೂ ಮಾಡಿ ಬಂದೆ. ಮತ್ತೆ ಪರೀಕ್ಷೆ. ಟಿಪಿಎಂ ಎದುರು ಹಸಿರು ಗುರುತು ಮೂಡಿದಾಗ ಆದ ಖುಷಿ ಕೆಳಗಿನ ಸಾಲಿಗೆ ಕಣ್ಣು ಹೋಗುವವರೆಗೆ ಮಾತ್ರ. ಪ್ರೊಸೆಸರ್ ಇಂಟೆಲ್‌ನ ಆರನೆಯ ತಲೆಮಾರಿನದು. ಕೆಲವು ಅಪವಾದ ಬಿಟ್ಟರೆ ಎಂಟನೆಯದರಿಂದ ಆಚೆಗೆ ಮಾತ್ರ ಪ್ರವೇಶ. ಹಿಂಬಾಗಿಲಿನಿಂದ ಹಾಕುವ ಉಪಾಯಗಳಿವೆಯಂತೆ. ಆದರೆ ಹಾಗೆ ಹಾಕಿದ ಕಂಪ್ಯೂಟರಿಗೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆಂಬ ಖಾತರಿಯಿಲ್ಲ. ಅಪ್‌ಡೇಟಿಗಾಗಿಯೇ ಬದಲಿಸಲು ಹೊರಟವಳು ಅದಿಲ್ಲದ ಕಡೆಗೆ ಹೋಗುವುದೇಕೆ?

ಮಧ್ಯಾಹ್ನ, ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಮಿಂಟನ್ನೂ ಪೆನ್‌ಡ್ರೈವಿನಿಂದ ಓಡಿಸಿ ನೋಡಿದೆ. ಡಿಸ್ಕಿಗೆ ಏನೂ ಮಾಡದೆ ರುಚಿ ನೋಡಬಹುದಾದ ವ್ಯವಸ್ಥೆ ಅದು, ಪ್ರಿಂಟರನ್ನು ತಾನೇ ಗುರುತು ಹಿಡಿಯಿತು. ಸೋತುಹೋಗಿದ್ದೆ ಅನ್ನಿ. ಆದರೆ 212 ಪುಟಗಳ ನನ್ನ ಕರಡನ್ನು ಲಿಬ್ರೆಆಫೀಸ್ ಎಂಬ ಬರವಣಿಗೆಯ ತಂತ್ರಾಂಶದಲ್ಲಿ ತೆರೆದಾಗ 217 ಪುಟವಾಗಿತ್ತು. ಅಲ್ಲಿಲ್ಲದ ಫಾಂಟ್ ಬದಲಿಗೆ ಬೇರೆ ಫಾಂಟ್ ಬಂದು ಕುಳಿತು ಸಾಲುಗಳೆಲ್ಲ ಸರಿದಿದ್ದವು. ‘143ನೇ ಪುಟ, ಏಳನೇ ಸಾಲು’ ಎಂದು ಲೇಖಕರಿಗೆ ಬರೆಯುವ ಕೆಲಸದಲ್ಲಿ ಐದು ಪುಟದ ವ್ಯತ್ಯಾಸ ಚಿಕ್ಕದಲ್ಲ. ಫಾಂಟ್ ಹಾಕಿಕೊಂಡು ಸರಿಪಡಿಸಬಹುದು, ಆದರೆ ಕೆಲಸದ ನಡುವೆ ಬೇಡ.

ಉಳಿದ ದಾರಿ ಒಂದೇ. ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಪುಟದಲ್ಲಿಯೇ ನೋಂದಾಯಿಸಿಕೊಂಡರೆ ವಿಂಡೋಸ್ 10ಕ್ಕೆ ಇನ್ನೂ ಒಂದು ವರ್ಷ, 2026ರ ಅಕ್ಟೋಬರ್ 13ರವರೆಗೆ, ಭದ್ರತೆಯ ಅಪ್‌ಡೇಟ್ ಸಿಗುತ್ತದೆ. ಹೊಸ ಸೌಲಭ್ಯಗಳೇನೂ ಇಲ್ಲ. ನನಗೆ ಬೇಕಾಗಿಯೂ ಇರಲಿಲ್ಲ.

ಸ್ಟಿಕ್ ಬಂದದ್ದು ಮುಂದಿನ ಶನಿವಾರದ ಹೊತ್ತಿಗೆ. ಅದನ್ನು ಕೂರಿಸುವ ಹಕ್ಕು ಗಂಡನದು ಎಂದು ಯಾರೂ ಹೇಳದೆಯೇ ತೀರ್ಮಾನವಾಗಿತ್ತು. ವಿದ್ಯುತ್ ತಂತಿ ಕಿತ್ತು, ಬಟನ್ ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನೂ ಹರಿಯಬಿಟ್ಟು, ಡಬ್ಬಿಯ ಪಕ್ಕದ ತಗಡು ತೆಗೆದರು. ಒಳಗೆ ಬೂದು ಬಣ್ಣದ ಕಂಬಳಿ ಹೊದ್ದಂತೆ ಧೂಳು. ಮೈಯಲ್ಲಿನ ಸ್ಥಾಯಿ ವಿದ್ಯುತ್ ಹೋಗಲೆಂದು ಲೋಹದ ಚೌಕಟ್ಟನ್ನು ಒಂದು ಕೈಯಲ್ಲಿ ಮುಟ್ಟಿ, ಇನ್ನೊಂದರಲ್ಲಿ ಸ್ಟಿಕ್‌ನ ಅಂಚು ಮಾತ್ರ ಹಿಡಿದು, ಕಚ್ಚಿಗೆ ಕಚ್ಚು ಹೊಂದಿಸಿ ಒತ್ತಿದರು. ಟಕ್.

ಕಂಪ್ಯೂಟರ್ ಚಾಲೂ ಮಾಡಿದೆ. ಫ್ಯಾನ್ ತಿರುಗಿತು. ಪರದೆ ಕಪ್ಪಾಗಿಯೇ ಇತ್ತು. ಫ್ಯಾನ್ ನಿಂತು ಮತ್ತೆ ತಿರುಗಿತು. ಅವರು ನನ್ನ ಮುಖ ನೋಡಲಿಲ್ಲ, ನಾನೂ ಆಡಬಾರದ ಮಾತು ಆಡಲಿಲ್ಲ. ಮತ್ತೆ ತಂತಿ ಕಿತ್ತು ಟಾರ್ಚ್ ಹಿಡಿದೆ. ಬಲತುದಿಯ ಚಿಲಕ ಮುಚ್ಚಿಕೊಂಡಿತ್ತು, ಎಡತುದಿಯದು ಕೂದಲೆಳೆಯಷ್ಟು ಹೊರಗೆ ನಿಂತಿತ್ತು. ಬಂದದ್ದು ಒಂದೇ ಟಕ್. ಅವರು ಎಡತುದಿಯ ಮೇಲೆ ಹೆಬ್ಬೆರಳಿಟ್ಟು, ಬೋರ್ಡ್ ಬಾಗುತ್ತದೇನೋ ಎಂದು ನನಗೆ ಭಯವಾಗುವಷ್ಟು ಒತ್ತಿದರು. ಎರಡನೆಯ ಟಕ್ ಬಂತು.

ಈ ಸಲ ಪರದೆ ಬೆಳಗಿತು. ಅವರು ಮೊದಲು ತೆರೆದು ನೋಡಿದ್ದು ಸಿಸ್ಟಂ ಮಾಹಿತಿಯ ಪುಟ. 12.0 ಜಿಬಿ. ಪಕ್ಕದಲ್ಲಿ ಆವರಣವಿತ್ತು, ಅದರೊಳಗೆ 11.9. ‘ಇದಕ್ಕೇನೂ ಬೇಸರವಿಲ್ಲ’ ಎಂದರು. ಹೊಸ ಸ್ಟಿಕ್‌ನ ಮೇಲೆ 2666 ಎಂದು ಅಚ್ಚಾಗಿದ್ದರೂ ವೇಗ 2133 ಎಂದೇ ತೋರಿಸುತ್ತಿತ್ತು. ಹಳೆಯದರ ಹೆಜ್ಜೆಗೆ ಹೊಸದು ಹೆಜ್ಜೆ ಹಾಕುವುದು ರೂಢಿಯಂತೆ. ರಾತ್ರಿ ವಿಂಡೋಸಿನ ಮೆಮೊರಿ ಪರೀಕ್ಷೆ ಓಡಿಸಿ ಮಲಗಿದೆವು, ಬೆಳಿಗ್ಗೆ ದೋಷವಿಲ್ಲವೆಂದು ಬರೆದಿತ್ತು.

ಕರಡು, ಬ್ರೌಸರ್, ನಿಘಂಟು ಎಲ್ಲವನ್ನೂ ತೆರೆದು 143ನೇ ಪುಟಕ್ಕೆ ಹೋದೆ. ಕೀಲಿ ಒತ್ತಿದೆ. ಅಕ್ಷರ ಬಂತು, ಒಂದೇ ಸಲ. ಕಿವಿ ಮೇಜಿನ ಕೆಳಗೇ ಇತ್ತು. ಗೋಡೆ ಗಡಿಯಾರದ ಸದ್ದು ಕೇಳಿಸಿತು.

ಭದ್ರತೆಯ ಅಪ್‌ಡೇಟ್ ಮುಗಿಯುವ ದಿನಾಂಕವನ್ನು ಮರೆಯದಿರಲೆಂದು ಗೋಡೆಯ ಕ್ಯಾಲೆಂಡರಿನ ಮುಂದೆ ಪೆನ್ ಹಿಡಿದು ನಿಂತೆ. ಅದರಲ್ಲಿ ಇದ್ದದ್ದು 2025 ಮಾತ್ರ. ಡಿಸೆಂಬರಿನ ಹಾಳೆ ಮಗುಚಿ, 31ರ ಕೆಳಗಿನ ಖಾಲಿ ಅಂಚಿನಲ್ಲಿ ‘13–10–2026, ವಿಂಡೋಸ್’ ಎಂದು ಬರೆದೆ. ಪಕ್ಕದಲ್ಲಿ ನನ್ನ ಗಂಡ ಚಿಕ್ಕ ಅಕ್ಷರದಲ್ಲಿ ‘ಸ್ಕ್ಯಾನರ್ ಡ್ರೈವರ್ ಮೊದಲು ನೋಡುವುದು’ ಎಂದು ಸೇರಿಸಿದರು.