ನಮ್ಮನೆಯ ನೀಲಿ ಟ್ರಿಗರ್‌ಫಿಶ್

ಮಂಗಳೂರು, ಮಲ್ಪೆ ಕಡೆ ಬಲೆಗೆ ರಾಶಿಗಟ್ಟಲೆ ಬೀಳುವ ಕಾರ್ಗಿಲ್ ಮೀನು ಗೊತ್ತಲ್ವಾ? ಕೆಂಪು ಹಲ್ಲಿನ ಅದೇ ಟ್ರಿಗರ್‌ಫಿಶ್ ಈಗ ನಮ್ಮ ಹಾಲ್‌ನ ಅಕ್ವೇರಿಯಂ ಟ್ಯಾಂಕಿನಲ್ಲಿದೆ. ಜೀವಂತ ಇರುವಾಗ ಅದರ ನೀಲಿ ಬಣ್ಣ ನೋಡಿದರೆ ಕಣ್ಣು ತೆಗೆಯಲು ಮನಸ್ಸೇ ಬರಲ್ಲ.

ರಾತ್ರಿ ಲೈಟ್ ಆರಿಸಿದರೆ ಕಲ್ಲಿನ ಸಂದಿಗೆ ನುಗ್ಗಿ, ಬಾಲ ಮಾತ್ರ ಹೊರಗೆ ಬಿಟ್ಟು ಮಲಗುತ್ತದೆ. ಬೆನ್ನಿನ ಮೊದಲ ಮುಳ್ಳನ್ನು ನಿಲ್ಲಿಸಿಕೊಂಡರೆ ಎರಡನೆಯದು ಅದಕ್ಕೆ ಚಿಲಕ ಹಾಕಿದ ಹಾಗೆ, ಆಮೇಲೆ ಯಾರು ಎಳೆದರೂ ಬರಲ್ಲ. ಎರಡನೆಯ ಮುಳ್ಳನ್ನು ಬಂದೂಕಿನ ಟ್ರಿಗರ್ ಹಾಗೆ ಒತ್ತಿದರೆ ಮಾತ್ರ ಚಿಲಕ ಬಿಡುತ್ತದೆ, ಟ್ರಿಗರ್ ಅನ್ನೋ ಹೆಸರು ಬಂದಿದ್ದೇ ಅದರಿಂದ. ಅದಕ್ಕೇ ಟ್ಯಾಂಕಿನಿಂದ ತೆಗೆಯುವಾಗ ಬಲೆಯಲ್ಲಿ ಹಿಡಿಯಬೇಡಿ, ಮುಳ್ಳು ಸಿಕ್ಕಿಕೊಳ್ಳುತ್ತದೆ, ಡಬ್ಬಿಯಲ್ಲಿ ಹಿಡಿಯಿರಿ.

ಮರಿ ಚಿಕ್ಕದು ಅಂತ ಚಿಕ್ಕ ಟ್ಯಾಂಕಿಗೆ ಮಾತ್ರ ಹಾಕಬೇಡಿ. ಸಮುದ್ರದಲ್ಲಿ ಇದು 50 ಸೆಂ.ಮೀ. ತನಕ ಬೆಳೆಯುತ್ತದೆ, ದಿನವಿಡೀ ಈಜುತ್ತದೆ. 600 ಲೀಟರ್‌ಗಿಂತ ಕಡಿಮೆ ನೀರಲ್ಲಿ ಇಡೋದು ನನಗೆ ಸರಿ ಕಾಣಲ್ಲ. ಹಲ್ಲು ಬೆಳೆಯುತ್ತಲೇ ಇರುವುದರಿಂದ, ಅದು ಸವೆಯಲಿ ಅಂತ ವಾರಕ್ಕೆರಡು ಸಲ ಸಿಪ್ಪೆ ಸಮೇತ ಸಿಗಡಿ ಕೊಡುತ್ತೇನೆ.

ಟ್ಯಾಂಕ್ ಸ್ವಚ್ಛ ಮಾಡಲೆಂದು ಎರಡು ಕ್ಲೀನರ್ ಸಿಗಡಿ ತಂದು ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಮೀಸೆಗಳಷ್ಟೇ ಉಳಿದಿದ್ದವು, ತುಂಬಾ ಬೇಜಾರಾಯಿತು. ಆಮೇಲೆ ಸಿಗಡಿ, ಏಡಿ ಯಾವುದನ್ನೂ ಜೊತೆಗೆ ಬಿಟ್ಟಿಲ್ಲ.