ಮಲ್ಲಯ್ಯನ ದಾರಿಯಲ್ಲಿ ಒಂದು ಬೋಗುಣಿ ಬಿಸಿನೀರು

ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಊರುಗಳಿಂದ ಶ್ರೀಶೈಲದ ಪಾದಯಾತ್ರೆ ಹೊರಡುತ್ತದೆ. ಹೆಗಲ ಮೇಲೆ ಕಂಬಿ ಎಂಬ ದೇವರ ಕೋಲು, ಬಾಯಲ್ಲಿ ‘ಓಂ ನಮಃ ಶಿವಾಯ’. ಹರಕೆ ಹೊತ್ತ ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ಶ್ರೀಶೈಲದ ದೇವಿ ಭ್ರಮರಾಂಬೆ ನಮ್ಮ ಮನೆಯ ಮಗಳು, ಅಲ್ಲಿನ ಮಲ್ಲಯ್ಯ, ಅಂದರೆ ಮಲ್ಲಿಕಾರ್ಜುನ, ಅಳಿಯ ಎಂದು ನಂಬಿದ ಜನ ನಾವು. ಯುಗಾದಿಗೆ ಮಗಳ ಮುಖ ನೋಡದೆ ಇರುವುದಾದರೂ ಹೇಗೆ?

ನನ್ನ ಮನಸ್ಸು ಮಾತ್ರ ಯಾತ್ರಿಕರ ಸೇವೆಗೆಂದು ಊರವರು ರಸ್ತೆ ಬದಿಯಲ್ಲಿ ಹಾಕಿದ ಶಾಮಿಯಾನಗಳಲ್ಲೇ ನಿಂತುಬಿಡುತ್ತದೆ. ರಾಯಚೂರು ಸೀಮೆಯ ಬಿಸಿಲು ಆ ಹೊತ್ತಿಗೆ 40 ಡಿಗ್ರಿಯ ಹತ್ತಿರ. ಅಂಗಾಲು ಗುಳ್ಳೆಯೆದ್ದು ಕುಂಟುತ್ತ ಬಂದವರನ್ನು, “ಶರಣರೇ, ಕಾಲು ಚಾಚಿ” ಎಂದು ಕೂರಿಸುತ್ತಾರೆ. ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ. ಬೋಗುಣಿಯಲ್ಲಿ ಬಿಸಿನೀರು, ಒಂದು ಹಿಡಿ ಉಪ್ಪು. ಧೂಳು ತೊಳೆದು, ಒರೆಸಿ, ಮೀನಖಂಡಕ್ಕೆ ಎಣ್ಣೆ ತಿಕ್ಕುವ ಕೈ ಒಬ್ಬ ಕೂಲಿಯದ್ದಿರಬಹುದು, ಅಂಗಡಿಯ ಸಾಹುಕಾರನದ್ದಿರಬಹುದು. ಪಕ್ಕದಲ್ಲೇ ಚಪ್ಪಲಿ ಹೊಲಿಯುವ ಹಿರಿಯರು ಕಿತ್ತುಹೋದ ಉಂಗುಷ್ಟ ಹೊಲಿದು ಕೊಡುತ್ತಾರೆ, ಕಾಸು ಮುಟ್ಟುವುದಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಅಕ್ಕ ಮಹಾದೇವಿ ಶ್ರೀಶೈಲಕ್ಕೆ ನಡೆದಾಗ, ಹಸಿದರೆ ಊರಿನ ಭಿಕ್ಷೆಯಿದೆ ಎಂಬ ಭರವಸೆಯಿಂದ ನಡೆದಳು. ಅವಳು ನಂಬಿದ ಆ ಊರು ಯಾವುದು? ದಾರಿಯ ಪಕ್ಕದಲ್ಲಿ ಮನೆ ಮಾಡಿಕೊಂಡಿರುವ ನಾವೇ ಅಲ್ಲವೇ!

ಸೇವೆ ಮಾಡುವವರಲ್ಲಿ ನನ್ನದೊಂದು ವಿನಂತಿ. ನಮಗೆ ಕೊಡಲು ಇಷ್ಟವಾದುದಕ್ಕಿಂತ ಯಾತ್ರಿಕರಿಗೆ ಆ ಗಳಿಗೆಯಲ್ಲಿ ಬೇಕಾದುದನ್ನು ನೋಡೋಣ. ನಡು ಮಧ್ಯಾಹ್ನ ಬಂದವರಿಗೆ ಹೋಳಿಗೆಗಿಂತ ಉಪ್ಪು ಹಾಕಿದ ಮಜ್ಜಿಗೆ ಹಿತ. ಹೆಣ್ಣುಮಕ್ಕಳಿಗೆ ಊಟಕ್ಕಿಂತ ದೊಡ್ಡ ಚಿಂತೆ ಸ್ನಾನ, ಶೌಚದ್ದು. ಬಾಗಿಲು ತೆರೆದು, “ಒಳಗೆ ಬಾ ತಂಗಿ, ಬಚ್ಚಲಿನಲ್ಲಿ ನೀರಿದೆ” ಎನ್ನುವ ಮನೆಯವರಿಗೆ ನಾನು ಮನಸಾರೆ ಕೈಮುಗಿಯುತ್ತೇನೆ. ಅದಕ್ಕೆ ಶಾಮಿಯಾನವೂ ಬೇಡ, ಬ್ಯಾನರೂ ಬೇಡ.

ಇನ್ನೊಂದು ಮಾತು. ದೊಡ್ಡ ಗುಂಪುಗಳು ದಾಟಿದ ಮೇಲೆ ಒಲೆ ಆರಿಸಿ ಪಾತ್ರೆ ತೊಳೆದಿಡುವುದು ರೂಢಿ. ಮಂಡಿನೋವಿನ ಮುದುಕರು, ಮಗುವನ್ನು ಎತ್ತಿಕೊಂಡ ತಾಯಂದಿರು ಬರುವುದು ಆಮೇಲೆಯೇ. ಅವರಿಗಾಗಿ ಒಂದು ಕೊಡ ಮಜ್ಜಿಗೆ, ನಾಲ್ಕು ರೊಟ್ಟಿ, ಸ್ವಲ್ಪ ಶೇಂಗಾ ಚಟ್ನಿಯನ್ನು ದಯವಿಟ್ಟು ಎತ್ತಿಡಿ.